ಗಡಿಯಾರದ ಬೆನ್ನ ಮೇಲಿನ ಮೀಟರ್



ನಿಮ್ಮ ಕೈಯಲ್ಲಿ ಗಡಿಯಾರವಿದ್ದರೆ ಒಮ್ಮೆ ಬಿಚ್ಚಿ ಅದರ ಬೆನ್ನನ್ನು ನೋಡಿ. 'ವಾಟರ್ ರೆಸಿಸ್ಟೆಂಟ್' ಎಂಬ ಮಾತು, ಅದರ ಪಕ್ಕದಲ್ಲಿ 30 ಮೀಟರ್, 50 ಮೀಟರ್ ಎಂದೋ, 3 ಬಾರ್, 5 ಬಾರ್ ಎಂದೋ ಕೆತ್ತಿರುವುದು ಕಾಣಬಹುದು. ಇದನ್ನು ಓದಿದವರು 30 ಮೀಟರ್ ಆಳದವರೆಗೆ ಈ ಗಡಿಯಾರ ಕಟ್ಟಿಕೊಂಡು ಮುಳುಗಬಹುದೆಂದೇ ತಿಳಿಯುತ್ತಾರೆ. ಆದರೆ ಅದರ ಜೊತೆಗೆ ಬಂದ ಚಿಕ್ಕ ಪುಸ್ತಿಕೆಯನ್ನು ಬಿಡಿಸಿ ನೋಡಿ. ಮಳೆಹನಿ ಬಿದ್ದರೆ, ಕೈ ತೊಳೆದರೆ ಚಿಂತೆಯಿಲ್ಲ, ಈಜಲು ಮಾತ್ರ ಇಳಿಯಬೇಡಿ ಎಂದು ಅಲ್ಲಿ ಬರೆದಿರುತ್ತದೆ. ಇದೇನು ವಿಚಿತ್ರ? ನಮ್ಮ ಬಡಾವಣೆಗಳ ಈಜುಕೊಳಗಳು ಎರಡು ಮೂರು ಮೀಟರಿಗಿಂತ ಆಳವಿರುವುದೇ ಅಪರೂಪ. 30 ಮೀಟರ್ ತಡೆಯುವ ಗಡಿಯಾರಕ್ಕೆ ಎರಡು ಮೀಟರ್ ಏಕೆ ಕಷ್ಟವಾಗಬೇಕು?

ಜಯನಗರದಲ್ಲೋ ಬನಶಂಕರಿಯಲ್ಲೋ ಇರುವವರಿಗೆ ಈ ಪ್ರಶ್ನೆ ಏಕೆ ಎಂದು ನೀವು ಕೇಳಬಹುದು. ಇಲ್ಲಿಂದ ಸಮುದ್ರ ತಲುಪಲು ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ಸಾಗಬೇಕು, ನಿಜ. ಆದರೆ ಗಡಿಯಾರದೊಳಗೆ ನೀರು ಹೋಗಲು ಸಮುದ್ರ ಬೇಕಿಲ್ಲ. ಬಚ್ಚಲಮನೆ ಸಾಕು, ಜೂನ್ ತಿಂಗಳ ಒಂದು ಸಂಜೆಯ ಸ್ಕೂಟರ್ ಸವಾರಿ ಸಾಕು. ಮತ್ತೆ, ಈಗ ಕಾಲೇಜಿನ ಗೆಳೆಯರು ಕೂಡಿಕೊಂಡು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ ಸ್ಕೂಬಾ ಮುಳುಗು ಹಾಕಿ ಬರುವುದುಂಟು. ಆಗ ಕೈಯಲ್ಲಿರುವ ಗಡಿಯಾರವನ್ನು ಎಷ್ಟು ನಂಬಬಹುದೆಂಬುದು ಬರೀ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ಒತ್ತಡದ ಲೆಕ್ಕವನ್ನು ನೋಡೋಣ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್ ಹೆಚ್ಚುತ್ತದೆ. ಒಂದು ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ನಿಮ್ಮ ಗಡಿಯಾರದ ಗಾಜು 3 ಸೆಂಟಿಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 7 ಚದರ ಸೆಂಟಿಮೀಟರ್. 10 ಮೀಟರ್ ಆಳದಲ್ಲಿ ಆ ಗಾಜಿನ ಮೇಲೆ 7 ಕಿಲೋ ಭಾರ ಬಿದ್ದಂತಾಯಿತು. 100 ಮೀಟರ್ ಆಳದಲ್ಲಿ 70 ಕಿಲೋ. ಬೆಳೆದ ಆಳೊಬ್ಬ ಒಂಟಿಕಾಲಿನಲ್ಲಿ ನಿಮ್ಮ ಗಡಿಯಾರದ ಗಾಜಿನ ಮೇಲೆ ನಿಂತಿದ್ದಾನೆ ಎಂದು ಊಹಿಸಿಕೊಳ್ಳಿ. ಮುಳುಗುಗಾರರ ಗಡಿಯಾರಗಳು ಏಕೆ ಅಷ್ಟು ದಪ್ಪ ಎಂಬುದು ಆಗ ತಾನೇ ತಿಳಿಯುತ್ತದೆ. ಒಂದೇ ಒತ್ತಡದಲ್ಲಿ ಗಾಜಿನ ದಪ್ಪವನ್ನು ಅರ್ಧ ಮಾಡಿದರೆ ಅದು ಎಂಟು ಪಟ್ಟು ಹೆಚ್ಚು ಬಾಗುತ್ತದೆ. ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟನ್ ಸಂಸ್ಥೆ 2002ರಲ್ಲಿ ಹೊರತಂದ 'ಎಡ್ಜ್' ಗಡಿಯಾರದ ಒಟ್ಟು ದಪ್ಪ ಕೇವಲ 3.5 ಮಿಲಿಮೀಟರ್, ಆದರೂ ಅದು 30 ಮೀಟರ್ ಜಲನಿರೋಧಕ ಎನಿಸಿಕೊಂಡಿತು. ಅದು ಸಣ್ಣ ಸಾಧನೆಯಲ್ಲ ಎಂಬುದನ್ನು ಈ ಎಂಟು ಪಟ್ಟಿನ ಲೆಕ್ಕ ತಿಳಿದವರು ಒಪ್ಪುತ್ತಾರೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. 30 ಮೀಟರ್ ಗಡಿಯಾರ ಈಜುಕೊಳದಲ್ಲಿ ಸೋಲುವುದೇಕೆ? ಈಜುವಾಗ ಕೈ ಬೀಸುವ ರಭಸಕ್ಕೆ ಒತ್ತಡ ಹತ್ತಾರು ಮೀಟರ್ ಆಳದಷ್ಟು ಏರಿಬಿಡುತ್ತದೆ ಎಂಬ ಉತ್ತರವನ್ನು ಅಂಗಡಿಗಳಲ್ಲಿ ಕೇಳಿರುತ್ತೀರಿ. ಪಿ.ಯು.ಸಿ. ಭೌತವಿಜ್ಞಾನದ ಪುಸ್ತಕ ತೆರೆದು ಬರ್ನೌಲಿಯ ಸೂತ್ರ ಹಾಕಿ ನೋಡಿ. ಚಲನೆಯಿಂದ ಬರುವ ಒತ್ತಡ ಎಂದರೆ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸಿದರೆ ಹೆಚ್ಚುವ ಒತ್ತಡ 2000 ಪಾಸ್ಕಲ್, ಅಂದರೆ ಬರೀ 20 ಸೆಂಟಿಮೀಟರ್ ನೀರಿಗೆ ಸಮ! 5 ಮೀಟರ್ ಎತ್ತರದ ಹಲಗೆಯಿಂದ ಧುಮುಕಿದರೂ ವೇಗ ಸೆಕೆಂಡಿಗೆ 10 ಮೀಟರ್. ಅದು 5 ಮೀಟರ್ ನೀರಿಗೆ ಸಮ. ನೀರಿಗೆ ಬಡಿಯುವ ಆ ಒಂದು ಕ್ಷಣದ ಏಟು ಇದಕ್ಕಿಂತ ಜೋರಾಗಿರುವುದು ಬೇರೆ ಮಾತು. ನಲ್ಲಿಯ ಕತೆಯೂ ಇಷ್ಟೇ. ಎರಡು ಅಂತಸ್ತಿನ ಮನೆಯ ಮೇಲಿನ ತೊಟ್ಟಿ ನಲ್ಲಿಯಿಂದ 7 ಮೀಟರ್ ಎತ್ತರದಲ್ಲಿದ್ದರೆ, ಆ ನಲ್ಲಿಯ ನೀರು ನಿಮ್ಮ ಗಡಿಯಾರವನ್ನು 7 ಮೀಟರ್ ಆಳಕ್ಕಿಂತ ಹೆಚ್ಚು ಒತ್ತಲಾರದು. ಒತ್ತಡದ ಪಂಪು ಕೂಡಿಸಿದ ಅಪಾರ್ಟ್‌ಮೆಂಟುಗಳಲ್ಲಿ ಸ್ವಲ್ಪ ಹೆಚ್ಚಿರಬಹುದು, ಅಷ್ಟೆ.

ಹೀಗಿರುವಾಗ ಕೈ ಬೀಸುವ ಸಿದ್ಧಾಂತ ನಿಲ್ಲುವುದಿಲ್ಲ. ದೋಷ ಬೇರೆಡೆ ಇದೆ, ಅದು ರಬ್ಬರಿನಲ್ಲಿದೆ.

ಗಡಿಯಾರದೊಳಕ್ಕೆ ನೀರು ನುಗ್ಗಲು ಮುಖ್ಯವಾಗಿ ಮೂರು ದಾರಿಗಳು: ಗಾಜಿನ ಅಂಚು, ಬೆನ್ನಿನ ಮುಚ್ಚಳ, ಮತ್ತು ಕೀ ಕೊಡುವ ಗುಂಡಿ ಅಂದರೆ ಕ್ರೌನ್. ಮೂರು ಕಡೆಯೂ ಗ್ಯಾಸ್ಕೆಟ್ ಎಂಬ ಸಣ್ಣ ಉಂಗುರಗಳು ಕಾವಲು ಕಾಯುತ್ತವೆ. ಲೋಹದ ಎರಡು ಭಾಗಗಳ ನಡುವೆ ಈ ಉಂಗುರ ಅದುಮಿಕೊಂಡು, ಸಂದಿಯನ್ನು ತುಂಬುತ್ತದೆ. ರಬ್ಬರ್ ಮೆತ್ತಗಿರುವವರೆಗೆ ಕೆಲಸ ಸುಸೂತ್ರ. ಆದರೆ ವರ್ಷಗಟ್ಟಲೆ ಅದುಮಿಸಿಕೊಂಡ ರಬ್ಬರ್ ತನ್ನ ಮೂಲ ಆಕಾರಕ್ಕೆ ಹಿಂತಿರುಗುವುದನ್ನು ಮರೆತುಬಿಡುತ್ತದೆ. ಅಮ್ಮನ ಕುಕ್ಕರಿನ ಗ್ಯಾಸ್ಕೆಟ್ ವರ್ಷ ಕಳೆದಂತೆ ಗಟ್ಟಿಯಾಗಿ, ಸಡಿಲವಾಗಿ, ಹಬೆ ಬಿಡಲು ತೊಡಗುವುದನ್ನು ನೀವು ನೋಡಿಲ್ಲವೇ? ಅಲ್ಲಿ ಹಬೆಯ ಸದ್ದು ಕೇಳಿ ನಮಗೆ ಗೊತ್ತಾಗುತ್ತದೆ. ಗಡಿಯಾರದ ಗ್ಯಾಸ್ಕೆಟ್ ಸದ್ದು ಮಾಡುವುದಿಲ್ಲ. ಬೆವರು, ಸಾಬೂನು, ಈಜುಕೊಳದ ಕ್ಲೋರಿನ್, ಗಾಳಿಯಲ್ಲಿರುವ ಓಝೋನ್, ಬಿಸಿಲಿನ ಶಾಖ ಎಲ್ಲವೂ ಅದನ್ನು ಮೆಲ್ಲಗೆ ಒಣಗಿಸುತ್ತವೆ.

ಬೆನ್ನ ಮೇಲಿನ ಸಂಖ್ಯೆ ಕಾರ್ಖಾನೆಯಿಂದ ಹೊರಬಂದ ದಿನದ ಮಾತು. ಸಾಮಾನ್ಯ ಗಡಿಯಾರಗಳಿಗೆ ಈಗಿರುವ ಅಂತರರಾಷ್ಟ್ರೀಯ ಮಾನಕ ಐ.ಎಸ್.ಓ. 22810, ಇದು 2010ರಲ್ಲಿ ಹಳೆಯ 2281ರ ಬದಲಿಗೆ ಬಂತು. ಇದರ ಪ್ರಕಾರ ಹೊಸ ಗಡಿಯಾರವನ್ನು 10 ಸೆಂಟಿಮೀಟರ್ ನೀರಿನಲ್ಲಿ ಒಂದು ಗಂಟೆ ಇಡುತ್ತಾರೆ, ಕ್ರೌನನ್ನು ಒಂದು ಪಕ್ಕದಿಂದ ಒತ್ತಿ ನೋಡುತ್ತಾರೆ, ಬಿಸಿನೀರಿನಿಂದ ತಣ್ಣೀರಿಗೆ ಬದಲಿಸುತ್ತಾರೆ, ಆಮೇಲೆ ಹೇಳಿದಷ್ಟು ಒತ್ತಡದಲ್ಲಿ ಕೆಲವೇ ನಿಮಿಷ ಇರಿಸುತ್ತಾರೆ. ತಯಾರಾದ ಪ್ರತಿಯೊಂದನ್ನೂ ಹೀಗೆ ಪರೀಕ್ಷಿಸಬೇಕೆಂಬ ಕಡ್ಡಾಯವಿಲ್ಲ, ಮಾದರಿಗಳನ್ನು ಆರಿಸಿ ನೋಡಿದರೆ ಸಾಕು. ಹೊಸ ರಬ್ಬರ್, ನಿಶ್ಚಲ ನೀರು, ಸ್ವಲ್ಪ ಹೊತ್ತು: ಇದು 30 ಮೀಟರಿನ ಅರ್ಥ. 'ವಾಟರ್‌ಪ್ರೂಫ್' ಎಂಬ ಪದ ಗ್ರಾಹಕರನ್ನು ದಾರಿ ತಪ್ಪಿಸುತ್ತದೆಂದು ಅಮೆರಿಕದಲ್ಲಿ 1960ರ ದಶಕದಲ್ಲಿಯೇ ಅದಕ್ಕೆ ಕಡಿವಾಣ ಹಾಕಿದರು. ನೀರನ್ನು ಸಂಪೂರ್ಣ ತಡೆಯುವುದು ಬೇರೆ, ಇಷ್ಟು ಮಟ್ಟಿಗೆ ಎದುರಿಸುವುದು ಬೇರೆ.

ಮನೆಯಲ್ಲಿರುವ ಹಳೆಯ ಗಡಿಯಾರ

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಶುರುವಾಯಿತು. ಈ ಸಿಟಿಜನ್ 1959ರಲ್ಲಿ 'ಪ್ಯಾರಾವಾಟರ್' ಎಂಬ ಜಲನಿರೋಧಕ ಗಡಿಯಾರವನ್ನು ತಂದಿತ್ತು. ಜನರಿಗೆ ನಂಬಿಕೆ ಬರಲೆಂದು ಆ ಗಡಿಯಾರಗಳನ್ನು ತೇಲುಬುರುಡೆಗಳಿಗೆ ಕಟ್ಟಿ 1963ರಲ್ಲಿ ಪೆಸಿಫಿಕ್ ಸಾಗರದಲ್ಲಿ ತೇಲಿಬಿಟ್ಟ ಕತೆ ಸ್ವಾರಸ್ಯವಾದದ್ದು. ಅದಕ್ಕೂ ಮೊದಲು, 1927ರ ಅಕ್ಟೋಬರ್ 21ರಂದು, ಮರ್ಸಿಡಿಸ್ ಗ್ಲೈಟ್ಸ್ ಎಂಬ ಇಂಗ್ಲಿಷ್ ಈಜುಗಾರ್ತಿ ರೋಲೆಕ್ಸ್ ಸಂಸ್ಥೆಯ 'ಆಯ್ಸ್ಟರ್' ಗಡಿಯಾರವನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಿದ್ದಳು. ಹತ್ತು ಗಂಟೆಗೂ ಹೆಚ್ಚು ಕಾಲ ಕೊರೆಯುವ ನೀರಿನಲ್ಲಿದ್ದ ಆಕೆ ದಡ ತಲುಪಲಾಗಲಿಲ್ಲ, ದೋಣಿಗೆ ಎತ್ತಿಕೊಳ್ಳಬೇಕಾಯಿತು. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಜಾಹೀರಾತಿಗೆ ಅಷ್ಟೇ ಸಾಕಾಯಿತು.

ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೆ ಅಜ್ಜನ ಮದುವೆಯದೋ, ಅಪ್ಪ ಎಸ್.ಎಸ್.ಎಲ್.ಸಿ. ಪಾಸಾದಾಗಿನದೋ ಆದ ಜನತಾ, ಪೈಲಟ್ ಗಡಿಯಾರಗಳು ಬನಶಂಕರಿ, ಜಯನಗರದ ಹಲವು ಮನೆಗಳ ಬೀರುವಿನಲ್ಲಿ ಇಂದಿಗೂ ಇವೆ. ಕೀ ಕೊಟ್ಟರೆ ಓಡುತ್ತವೆ. ಈಚೆಗೆ ವಿದ್ಯಾರ್ಥಿಗಳು ಅವನ್ನು ಹುಡುಕಿ ಕಟ್ಟಿಕೊಳ್ಳುತ್ತಿರುವುದು ನನಗೆ ಸಂತೋಷದ ವಿಷಯ. ಆದರೆ ಇಂತಹ ಗಡಿಯಾರದ ಕ್ರೌನನ್ನು ದಿನಕ್ಕೆ ಇಪ್ಪತ್ತು ಮೂವತ್ತು ಸಲ ತಿರುಗಿಸುತ್ತ ಬಂದಿರುತ್ತಾರೆ. ಆ ಗುಂಡಿಯೊಳಗೆ ಉಂಗುರವಿದ್ದರೂ ನಲವತ್ತು ವರ್ಷಗಳಲ್ಲಿ ಸವೆದು ಹೋಗಿರುತ್ತದೆ. ಬೆನ್ನ ಮೇಲೆ ಏನೇ ಬರೆದಿರಲಿ, ಅದನ್ನು ನೀರು ತಡೆಯದ ಗಡಿಯಾರವೆಂದೇ ಎಣಿಸಿ. ಮಳೆ ಬಂದರೆ ಬಿಚ್ಚಿ ಜೇಬಿನಲ್ಲಿಡಿ, ಪಾತ್ರೆ ತೊಳೆಯುವಾಗ ತೆಗೆದಿಡಿ.

ಈಗಿನ ಬ್ಯಾಟರಿ ಗಡಿಯಾರಗಳಿಗೆ ಅಪಾಯ ಬೇರೆ ರೀತಿಯಲ್ಲಿ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಮುಗಿಯುತ್ತದೆ. ಜಯನಗರ 4ನೇ ಬ್ಲಾಕಿಗೋ ಬಿ.ಟಿ.ಎಂ. ಬಡಾವಣೆಯ ರಸ್ತೆ ಬದಿಗೋ ಹೋಗುತ್ತೀರಿ. ಐದು ನಿಮಿಷದಲ್ಲಿ ಬೆನ್ನು ಬಿಚ್ಚಿ, ಹೊಸ ಸೆಲ್ ಹಾಕಿ, ಮುಚ್ಚಳವನ್ನು ಒತ್ತಿ ಕೊಡುತ್ತಾರೆ. ಗಡಿಯಾರ ನಡೆಯುತ್ತದೆ, ನಿಮಗೂ ತೃಪ್ತಿ. ಆದರೆ ಹಳೆಯ ಗ್ಯಾಸ್ಕೆಟ್ ಒಣಗಿತ್ತೇ, ಮುಚ್ಚುವಾಗ ತಿರುಚಿಕೊಂಡಿತೇ, ಅದರ ಮೇಲೊಂದು ಕೂದಲೆಳೆ ಸಿಕ್ಕಿಕೊಂಡಿತೇ? ಕೂದಲೆಳೆಯಷ್ಟು ಸಂದಿ ಇದ್ದರೆ 100 ಮೀಟರ್ ಎಂದು ಕೆತ್ತಿದ ಗಡಿಯಾರಕ್ಕೂ ಬಚ್ಚಲಮನೆ ಸಮುದ್ರವಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಅದಕ್ಕೆ ಒಂದು ಚುಕ್ಕೆ ಸಿಲಿಕೋನ್ ಗ್ರೀಸ್ ಸವರಿ ಎಂದು ಕೇಳಲು ಸಂಕೋಚ ಬೇಡ. ಸಾಧ್ಯವಾದರೆ ಒತ್ತಡ ಪರೀಕ್ಷೆಯ ಯಂತ್ರವಿರುವ ಸೇವಾಕೇಂದ್ರಕ್ಕೆ ಹೋಗಿ. ಆ ಯಂತ್ರದಲ್ಲಿ ಗಡಿಯಾರವನ್ನು ನೀರಿನ ಮೇಲ್ಗಡೆ ಗಾಳಿಯಲ್ಲಿ ತೂಗುಹಾಕಿ ಗಾಳಿಯ ಒತ್ತಡವನ್ನು ಏರಿಸುತ್ತಾರೆ. ಸಂದಿ ಇದ್ದರೆ ಗಾಳಿ ಒಳಹೊಗುತ್ತದೆ. ಆಮೇಲೆ ಗಡಿಯಾರವನ್ನು ನೀರಿಗಿಳಿಸಿ ಒತ್ತಡ ಇಳಿಸಿದರೆ ಒಳಹೊಕ್ಕ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ಕಂಡ ಕೂಡಲೇ ಗಡಿಯಾರವನ್ನು ನೀರಿನಿಂದ ಮೇಲೆತ್ತುವುದರಿಂದ ನೀರು ಒಳಗೆ ಹೋಗುವುದಿಲ್ಲ. ಬಹಳ ಜಾಣತನದ ಪರೀಕ್ಷೆ, ಅವಕಾಶ ಸಿಕ್ಕರೆ ನಿಂತು ನೋಡಿ.

ಬಿಸಿನೀರಿನ ಸ್ನಾನ ಏಕೆ ಕೆಟ್ಟದ್ದು? ಸಾಬೂನು ನೀರಿನ ಮೇಲ್ಮೈ ಸೆಳೆತವನ್ನು ಕುಗ್ಗಿಸುತ್ತದೆ. ಆದ್ದರಿಂದ ಬರಿಯ ನೀರು ನುಸುಳಲಾಗದ ಸಂದಿಯಲ್ಲಿ ಸಾಬೂನು ನೀರು ನುಸುಳಬಲ್ಲದು. ಇನ್ನೊಂದು ಕಾರಣ ಅನಿಲಗಳ ನಿಯಮದಲ್ಲಿದೆ. ಗಡಿಯಾರದೊಳಗಿನ ಗಾಳಿ 45 ಡಿಗ್ರಿಗೆ ಕಾದಿದೆ ಎನ್ನಿ. ತಟ್ಟನೆ 25 ಡಿಗ್ರಿಯ ನೀರು ಸುರಿದರೆ ಕೆಲ್ವಿನ್ ಅಳತೆಯಲ್ಲಿ ಅದು 318ರಿಂದ 298ಕ್ಕೆ ಇಳಿದಂತೆ. ಒಳಗಿನ ಒತ್ತಡ ಶೇಕಡಾ 6ರಷ್ಟು ತಗ್ಗುತ್ತದೆ. ಅಂದರೆ ಗಡಿಯಾರ ಅರ್ಧ ಮೀಟರಿಗೂ ಹೆಚ್ಚಿನ ನೀರನ್ನು ತಾನಾಗಿ ಒಳಕ್ಕೆ ಎಳೆದುಕೊಳ್ಳಲು ನೋಡುತ್ತದೆ. ಬಿಸಿಲಿನಲ್ಲಿ ನಿಂತು ಈಜುಕೊಳಕ್ಕೆ ಹಾರುವಾಗಲೂ ಹೀಗೆಯೇ.

ಇದೇ ಲೆಕ್ಕದ ಜೊತೆ ನಮ್ಮೂರಿನದೇ ಆದ ಒಂದು ಸ್ವಾರಸ್ಯವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಜೆ.ಪಿ. ನಗರದ ಅಂಗಡಿಯಲ್ಲಿ ಮುಚ್ಚಿದ ಗಡಿಯಾರದೊಳಗೆ ಇರುವುದು ಬೆಂಗಳೂರಿನ ಗಾಳಿ. ಅದನ್ನು ಮುರುಡೇಶ್ವರದ ಮರಳಿನ ಮೇಲೆ ಇಟ್ಟರೆ, ನೀರು ಮುಟ್ಟುವ ಮೊದಲೇ ಅದರ ಮೇಲೆ ಸುಮಾರು ಒಂದು ಮೀಟರ್ ಆಳದ ಒತ್ತಡ ಬಿದ್ದಿರುತ್ತದೆ! ಒಳ್ಳೆಯ ಗಡಿಯಾರಕ್ಕೆ ಇದೇನೂ ದೊಡ್ಡದಲ್ಲ. ಸಂದಿ ಬಿಟ್ಟ ಗಡಿಯಾರವಾದರೆ ಘಟ್ಟ ಇಳಿಯುವಾಗ ಕರಾವಳಿಯ ಒದ್ದೆ ಗಾಳಿಯನ್ನು ಮೆಲ್ಲಗೆ ಒಳಗೆ ಸೇರಿಸಿಕೊಂಡಿರುತ್ತದೆ.

ಮುಳುಗುಗಾರನ ಗಡಿಯಾರ

ನೇತ್ರಾಣಿ ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದ ಪುಟ್ಟ ದ್ವೀಪ. ಹೊಸಬರನ್ನು ತರಬೇತುದಾರರು ಸಾಮಾನ್ಯವಾಗಿ 12 ಮೀಟರಿಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ. ಮೊದಲ ದರ್ಜೆಯ ತರಬೇತಿ ಮುಗಿಸಿದವರಿಗೆ 18 ಮೀಟರ್, ಹವ್ಯಾಸಕ್ಕಾಗಿ ಮುಳುಗುವವರಿಗೆ ಕೊನೆಯ ಗಡಿ 40 ಮೀಟರ್. ಹಾಗಿದ್ದರೆ 200 ಮೀಟರ್ ಗಡಿಯಾರ ಯಾರಿಗೆ ಬೇಕು ಎನ್ನುವಿರಾ?

ಅದಕ್ಕೆ ಮೊದಲು, ನೀರಿನಡಿ ಗಡಿಯಾರವಾದರೂ ಏಕೆ ಬೇಕೆಂದು ಕೇಳಿಕೊಳ್ಳಿ. ಬೆನ್ನ ಮೇಲೆ 12 ಲೀಟರಿನ ಸಿಲಿಂಡರ್, ಅದರಲ್ಲಿ 200 ಬಾರ್ ಗಾಳಿ. ಅಂದರೆ 2400 ಲೀಟರ್. ಆಪತ್ತಿಗೆಂದು 50 ಬಾರ್ ಉಳಿಸಿದರೆ ಬಳಸಲು 1800 ಲೀಟರ್ ಸಿಕ್ಕುತ್ತದೆ. ನೀರ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾದ್ದರಿಂದ 40 ಲೀಟರ್ ಉಸಿರಾಡುತ್ತಾನೆ. 45 ನಿಮಿಷಕ್ಕೆ ಗಾಳಿ ಮುಗಿಯುತ್ತದೆ. 20 ಮೀಟರಿನಲ್ಲಿ 60 ಲೀಟರ್, 30 ನಿಮಿಷ. ಜೊತೆಗೆ ರಕ್ತದಲ್ಲಿ ಕರಗುವ ಸಾರಜನಕದ ಲೆಕ್ಕವೂ ಇದೆ; ಹೆಚ್ಚು ಹೊತ್ತು ಆಳದಲ್ಲಿದ್ದು ಬೇಗ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ರಕ್ತದಲ್ಲಿ ಗುಳ್ಳೆಗಳೇಳುತ್ತವೆ. ಮೀನುಗಳನ್ನು ನೋಡುತ್ತ ಹೊತ್ತು ಮರೆತವರಿಗೆ ನೀರಿನಡಿ ಕ್ಷಮೆಯಿಲ್ಲ. ಸ್ವಿಸ್ ಕಂಪನಿ ಬ್ಲಾಂಕ್‌ಪೈನ್‌ನ ಮುಖ್ಯಸ್ಥ ಜೀನ್‌-ಜಾಕ್ ಫೀಷ್ಟರ್ ಸ್ವತಃ ಮುಳುಗುಗಾರ. ಒಮ್ಮೆ ಹೊತ್ತಿನ ಅಂದಾಜು ತಪ್ಪಿ ಗಾಳಿ ಮುಗಿದು ಅಪಾಯದಿಂದ ಪಾರಾದ ಆತ ಈ ಕೆಲಸಕ್ಕೆಂದೇ ಗಡಿಯಾರ ಮಾಡಿಸಲು ಹೊರಟ. ಅದೇ ಹೊತ್ತಿಗೆ ಫ್ರೆಂಚ್ ನೌಕಾಪಡೆಯ ಮುಳುಗುಗಾರರೂ ಅಂತಹುದನ್ನೇ ಹುಡುಕುತ್ತಿದ್ದರು. 1953ರಲ್ಲಿ ಬಂದ ಆ 'ಫಿಫ್ಟಿ ಫ್ಯಾದಮ್ಸ್' ಗಡಿಯಾರದ ಹೆಸರಿನಲ್ಲೇ ಅಳತೆ ಇದೆ. 50 ಫ್ಯಾದಮ್ ಎಂದರೆ ಸುಮಾರು 91 ಮೀಟರ್.

ಅಂತಹ ಗಡಿಯಾರದ ಮುಖದ ಸುತ್ತ ತಿರುಗುವ ಒಂದು ಬಳೆ ಇರುತ್ತದೆ, ಬೆಜೆಲ್ ಎನ್ನುತ್ತಾರೆ. ಮುಳುಗುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿ ನಿಲ್ಲಿಸಿದರೆ, ಕಳೆದ ನಿಮಿಷಗಳನ್ನು ನೇರವಾಗಿ ಓದಬಹುದು. ಈಗಿನ ಬಳೆಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಬಂಡೆಗೆ ತಗುಲಿ ಬಳೆ ಸರಿದರೆ, ಕಳೆದ ಹೊತ್ತು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಎಂದಿಗೂ ಕಡಿಮೆಯಾಗಿ ಕಾಣುವುದಿಲ್ಲ. ತಪ್ಪಾದರೂ ಬೇಗ ಮೇಲೆ ಬರುವಂತೆ ಮಾಡುವ ತಪ್ಪು. ಯಂತ್ರ ರಚನೆಯಲ್ಲಿ ಇಷ್ಟು ಸರಳವಾದ ಮುನ್ನೆಚ್ಚರಿಕೆ ನನಗೆ ಬೇರೆಲ್ಲೂ ಕಂಡಿಲ್ಲ. ಇಂದು ಮುಳುಗುಗಾರರ ಕೈಯಲ್ಲಿ ಪುಟ್ಟ ಕಂಪ್ಯೂಟರ್ ಇರುತ್ತದೆ. ಆಳ, ಸಮಯ, ಸಾರಜನಕ ಎಲ್ಲವನ್ನೂ ಅದು ಲೆಕ್ಕ ಹಾಕುತ್ತದೆ. ಅದು ಕೈಕೊಟ್ಟರೆ ಇರಲೆಂದು ಗಡಿಯಾರ.

ಮುಳುಗುಗಾರರ ಗಡಿಯಾರದ ಮಾನಕವೇ ಬೇರೆ, ಐ.ಎಸ್.ಓ. 6425. ಇದಕ್ಕೆ ಒಳಪಟ್ಟ ಗಡಿಯಾರದ ಮೇಲೆ 'ಡೈವರ್ಸ್' ಎಂಬ ಪದವೂ ಇರುತ್ತದೆ, ಆಳ 100 ಮೀಟರಿಗೆ ಕಡಿಮೆ ಇರುವಂತಿಲ್ಲ. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲಾಗಬೇಕು, ಉಪ್ಪುನೀರು ತಾಳಬೇಕು. ಇಲ್ಲಿ ಮಾದರಿ ಪರೀಕ್ಷೆ ನಡೆಯದು. ಪ್ರತಿಯೊಂದು ಗಡಿಯಾರವನ್ನೂ ಹೇಳಿದ ಒತ್ತಡಕ್ಕಿಂತ ಶೇಕಡಾ 25ರಷ್ಟು ಹೆಚ್ಚಿನ ಒತ್ತಡಕ್ಕೆ ಒಡ್ಡುತ್ತಾರೆ. ಅಷ್ಟಾದ ಮೇಲೆ ಒತ್ತಡವನ್ನು ಬರೀ 0.3 ಬಾರಿಗೆ ಇಳಿಸಿ ಮತ್ತೆ ನೋಡುತ್ತಾರೆ. 250 ಮೀಟರ್ ಗೆದ್ದವನನ್ನು 3 ಮೀಟರಿನಲ್ಲಿ ಏಕೆ ಪರೀಕ್ಷಿಸಬೇಕು? ಆಳದಲ್ಲಿ ನೀರು ತಾನೇ ರಬ್ಬರ್ ಉಂಗುರವನ್ನು ಸಂದಿಗೆ ಅದುಮಿ ಮುಚ್ಚುತ್ತದೆ. ಕಡಿಮೆ ಒತ್ತಡದಲ್ಲಿ ಆ ಸಹಾಯವಿಲ್ಲ. ಉಂಗುರ ತನ್ನ ಸ್ವಂತ ಬಲದಿಂದ ನಿಲ್ಲಬೇಕು. ಮುದಿಯಾದ ಗ್ಯಾಸ್ಕೆಟ್ ಸಮುದ್ರದ ಆಳಕ್ಕಿಂತ ಬಚ್ಚಲಿನ ಬಕೆಟ್ಟಿನಲ್ಲಿ ಸೋಲುವುದು ಇದೇ ಕಾರಣಕ್ಕೆ. 200 ಮೀಟರಿನ ಪ್ರಯೋಜನವೂ ಇದೇ: ದಪ್ಪ ಗಾಜು, ತಿರುಪಿನ ಬೆನ್ನು, ತಿರುಪಿನ ಕ್ರೌನ್ ಎಂಬ ಭದ್ರತೆಯನ್ನು ನೀವು 18 ಮೀಟರಿಗೆ ಒಯ್ಯುತ್ತೀರಿ. ತಿರುಪು ಬಿಗಿಯುವುದನ್ನು ಮರೆತರೆ ಮಾತ್ರ ಆ ಭದ್ರತೆಯ ದೊಡ್ಡ ಪಾಲು ಹೋಯಿತು. ನೀರಿಗಿಳಿಯುವ ಮುನ್ನ ಕ್ರೌನ್ ಮುಟ್ಟಿ ನೋಡಿಕೊಳ್ಳಿ. ನೀರಿನಲ್ಲಿ ಅದನ್ನು ಎಳೆಯಲೇಬೇಡಿ.

ಸಮುದ್ರದಿಂದ ಬಂದ ಮೇಲೆ ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ಗಡಿಯಾರವನ್ನು ತೊಳೆಯಬೇಕು, ಬಳೆಯನ್ನು ತಿರುಗಿಸುತ್ತ ಅಡಿಯ ಮರಳನ್ನು ಕಳೆಯಬೇಕು. ಬೆಂಗಳೂರಿಗೆ ಬಂದ ಮೇಲೆ ತೊಳೆದರಾಯಿತು ಎಂದರೆ ತಡವಾಗುತ್ತದೆ. ಜೆ.ಪಿ. ನಗರ, ಬಿ.ಟಿ.ಎಂ. ಕಡೆಯ ಕೊಳವೆಬಾವಿಯ ಗಡಸುನೀರು ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವುದನ್ನು ನೋಡಿದ್ದೀರಲ್ಲ; ಅದೇ ಕರೆ ಬಳೆಯ ಸಂದಿಯಲ್ಲೂ ಕಟ್ಟುತ್ತದೆ. ಕಡೆಯ ಒಂದು ಲೋಟ ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ. ಚರ್ಮದ ಪಟ್ಟಿಯಿದ್ದರೆ ಮುಂಚೆಯೇ ಬದಲಿಸಿ; ಒದ್ದೆ ಚರ್ಮ ನಾರುತ್ತದೆ, ಹೊಲಿಗೆ ಬಿಡುತ್ತದೆ.

ನಿಮ್ಮ ಗಡಿಯಾರದೊಳಗೆ ತೇವವಿದೆಯೇ ಎಂದು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಅರ್ಧ ಗಂಟೆ ಕಟ್ಟಿಕೊಂಡು ಮೈ ಬೆಚ್ಚಗಾದ ಗಡಿಯಾರವನ್ನು ಬಿಚ್ಚಿ, ಗಾಜಿನ ನಡುವೆ ಒಂದೇ ಹನಿ ತಣ್ಣೀರು ಇಡಿ. ಒಂದು ನಿಮಿಷ ಕಾದು ಒರೆಸಿ ನೋಡಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ತೇವ ಸೇರಿದೆ. ಕಾರ್ಖಾನೆಗಳಲ್ಲಿ ಗಡಿಯಾರವನ್ನು 40 ಡಿಗ್ರಿಗೂ ಮೇಲೆ ಕಾಯಿಸಿ ಇದನ್ನೇ ಮಾಡುತ್ತಾರೆ. ಮಂಜು ಸ್ವಲ್ಪ ಹೊತ್ತಿಗೆ ಮಾಯವಾಯಿತೆಂದು ನಿಟ್ಟುಸಿರು ಬಿಡಬೇಡಿ. ನೀರು ಆವಿಯಾಗಿ ಯಂತ್ರದ ಚಕ್ರಗಳ ನಡುವೆಯೇ ಇದೆ. ಬಿಸಿಲಿಗೆ ಇಡುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು ನಮ್ಮ ಮನೆಗಳ ಹಳೆಯ ಮದ್ದು. ಮುಚ್ಚಳ ಹಾಕಿದ ಗಡಿಯಾರದೊಳಗಿನ ನೀರನ್ನು ಅಕ್ಕಿ ಹೇಗೆ ಹೀರೀತು? ಒಳಗಿನ ಉಕ್ಕಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ, ಉಪ್ಪುನೀರಾದರೆ ಗಂಟೆಗಳೇ ಸಾಕು. ಅದೇ ದಿನ ಗಡಿಯಾರ ರಿಪೇರಿಯವರ ಬಳಿ ಒಯ್ದು ಬೆನ್ನು ಬಿಚ್ಚಿಸಿ. ಒಳಹೋದದ್ದು ಮಳೆನೀರೋ, ಸಾಬೂನು ನೀರೋ, ಸಮುದ್ರದ ನೀರೋ ಎಂದು ಮುಚ್ಚಿಡದೆ ಹೇಳಿ. ಅದನ್ನು ಅವಲಂಬಿಸಿ ಅವರು ಬರೀ ಒಣಗಿಸುತ್ತಾರೋ, ಯಂತ್ರವನ್ನೆಲ್ಲ ಬಿಡಿಸಿ ತೊಳೆಯುತ್ತಾರೋ ತೀರ್ಮಾನವಾಗುತ್ತದೆ.